ಪಡುವಣ ಬೆಂಗಳೂರಿನ ಹೆರಿಗೆಯ ತಾಣಗಳು

೧

ಕನ್ನಡ ನಾಡಿನಲ್ಲಿ ಚೊಚ್ಚಲ ಹೆರಿಗೆ ತವರಿನದು. ಇದನ್ನು ಯಾವ ಅರಸನೂ ಶಾಸನ ಹಾಕಿಸಿ ವಿಧಿಸಿದುದಲ್ಲ. ಆದರೂ ಒಕ್ಕಲಿನ ಗುಡಿಸಲಿನಿಂದ ಅಗ್ರಹಾರದ ತೊಟ್ಟಿಯ ಮನೆಯವರೆಗೆ, ಬಡವ ಬಲ್ಲಿದರೆಂಬ ಭೇದವಿಲ್ಲದೆ ನಡೆದುಬಂದ ಕಟ್ಟಳೆಯಿದು. ಏಳನೆಯ ತಿಂಗಳಿನಲ್ಲಿಯೋ ಒಂಬತ್ತನೆಯ ತಿಂಗಳಿನಲ್ಲಿಯೋ ಬಳೆ ತೊಡಿಸಿ, ಮಡಿಲು ತುಂಬಿ, ಮಗಳನ್ನು ಕರೆದೊಯ್ಯಲು ತವರಿನವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅತ್ತೆಯ ಮನೆಯಲ್ಲಿ ಅವಳು ಬೆಳಕು ಹರಿಯುವ ಮುನ್ನವೇ ಎದ್ದು ದುಡಿಯತಕ್ಕ ಸೊಸೆ. ತವರಿನಲ್ಲಾದರೋ ನೋವು ಬಂದಾಗ ಬಾಯಿಬಿಟ್ಟು ಕೂಗಬಹುದಾದ ಮಗಳು. ಹೆರಿಗೆಯ ತಾಣವನ್ನು ಕುರಿತು ನಮ್ಮ ಹಿಂದಿನವರು ಮಾಡಿಕೊಂಡಿದ್ದ ಮೊದಲ ವ್ಯವಸ್ಥೆ ಇದು. ಇದರಲ್ಲಿ ಭಾವನೆಯಷ್ಟೇ ವಿವೇಕವೂ ಉಂಟು.

ಎಲ್ಲಿ ಹೆರಬೇಕೆಂಬುದನ್ನು ಹೆರುವವಳನ್ನೇ ಕೇಳಿ ನಿಶ್ಚಯಿಸುವ ಪದ್ಧತಿ ಆಗ ಇರಲಿಲ್ಲ. ಅತ್ತೆ, ತಾಯಿ, ಮನೆಯ ಹಿರಿಯರು, ಪಂಚಾಂಗ ನೋಡುವವರು, ಇವರೆಲ್ಲರ ಮಾತು ಮುಗಿದ ಮೇಲೆ ಅವಳ ಮಾತು. ಆದರೂ ಹೆಂಗಸರ ಇಷ್ಟಾನಿಷ್ಟಗಳು ತೆರೆಯ ಹಿಂದೆ ಕೆಲಸ ಮಾಡುತ್ತಲೇ ಇದ್ದುವು. ಯಾವ ಸೂಲಗಿತ್ತಿಯ ಕೈ ಹಗುರ, ಯಾವಳ ಕೈಯಲ್ಲಿ ಮಗು ದಕ್ಕಿತು, ಯಾವ ಮನೆಯಲ್ಲಿ ಬಾಣಂತಿಗೆ ಹೊಟ್ಟೆ ತುಂಬ ಅನ್ನವಿಲ್ಲ ಎಂಬ ವಾರ್ತೆಗಳು ಬಾವಿಕಟ್ಟೆಯಲ್ಲಿ ವಿಚಾರಣೆಗೆ ಬಂದು ಅಲ್ಲಿಯೇ ತೀರ್ಮಾನವಾಗುತ್ತಿದ್ದುವು. ಮುಂದೆ ಸರಕಾರದ ಆಸ್ಪತ್ರೆಗಳು ಬಂದಾಗ ಅವುಗಳ ಯಶಸ್ಸನ್ನೂ ಅಪಯಶಸ್ಸನ್ನೂ ನಿರ್ಣಯಿಸಿದುದು ಬಹುಮಟ್ಟಿಗೆ ಈ ಬಾವಿಕಟ್ಟೆಯ ನ್ಯಾಯಾಸ್ಥಾನವೇ.

ಹೆರಿಗೆಯ ಕೋಣೆಯನ್ನು ಕುರಿತು ನಮ್ಮ ಪ್ರಾಚೀನ ವೈದ್ಯರು ಉದಾಸೀನರಾಗಿರಲಿಲ್ಲ. ಸೂತಿಕಾಗಾರವು ಎಂಟು ಮೊಳ ಉದ್ದ, ನಾಲ್ಕು ಮೊಳ ಅಗಲ ಇರಬೇಕೆಂದೂ, ಅದರ ಬಾಗಿಲು ಪೂರ್ವಕ್ಕಾಗಲಿ ದಕ್ಷಿಣಕ್ಕಾಗಲಿ ಇರಬೇಕೆಂದೂ ಸುಶ್ರುತಸಂಹಿತೆಯು ವಿಧಿಸಿದೆ. ಬಳಿಯಲ್ಲಿ ಇರತಕ್ಕ ನಾಲ್ವರು ಸ್ತ್ರೀಯರು ವಯಸ್ಸು ಮಾಗಿದವರೂ, ಹೆರಿಗೆಯ ಕೆಲಸದಲ್ಲಿ ಕುಶಲರೂ, ಉಗುರು ಕತ್ತರಿಸಿಕೊಂಡವರೂ ಆಗಿರಬೇಕಂತೆ. ಸೂಕ್ಷ್ಮಜೀವಿಗಳ ಸುಳಿವೇ ಇಲ್ಲದ ಕಾಲದಲ್ಲಿ ಉಗುರಿನ ಮಾತನ್ನು ಶಾಸ್ತ್ರಕ್ಕೆ ಸೇರಿಸಿದವರ ನೋಟ ಸೂಕ್ಷ್ಮವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಲಕ್ರಮದಲ್ಲಿ ಶಾಸ್ತ್ರ ಗ್ರಂಥದಲ್ಲಿ ಉಳಿಯಿತು. ಕೋಣೆ ಮಾತ್ರ ಮನೆಯ ಹಿಂಬದಿಗೆ ಸರಿಯಿತು. ಪುರುಡಿನ ಮೈಲಿಗೆಯ ಕಾರಣದಿಂದ, ಗಾಳಿ ಬೆಳಕು ಅತ್ಯವಶ್ಯವಾದವಳಿಗೆ ಮನೆಯಲ್ಲಿ ಗಾಳಿ ಬೆಳಕು ಅತಿ ಕಡಮೆಯಿದ್ದ ಮೂಲೆ ದೊರೆಯುವಂತಾಯಿತು.

ಆ ಮೂಲೆಯ ಅಧಿದೇವತೆ ಸೂಲಗಿತ್ತಿ. ಸೂಲು ಎಂದರೆ ಹೆರಿಗೆ; ಸೂಲಗಿತ್ತಿ ಎಂಬ ಹೆಸರಿನಲ್ಲಿಯೇ ಅವಳ ಕೆಲಸವಿದೆ. ಎಣ್ಣೆ ನೀವುವುದು, ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎತ್ತಲಿದೆಯೆಂದು ತಿಳಿಯುವುದು, ಹೊತ್ತಿಗೆ ಮುಂಚೆ ಬಲಾತ್ಕಾರ ಮಾಡದೆ ಕಾದು ಕುಳಿತಿರುವುದು, ಇವು ಅವಳ ವಿದ್ಯೆಯ ಬಲವಾದ ಅಂಗಗಳು. ಹೊಕ್ಕುಳ ಬಳ್ಳಿಯನ್ನು ಮನೆಯ ಕುಡುಗೋಲಿನಿಂದ ಕೊಯ್ದು ಮೇಲೆ ಬೂದಿ ಒತ್ತುವುದು ಅದರ ದುರ್ಬಲವಾದ ಅಂಗ. ಏಳೆಂಟು ದಿನಗಳಲ್ಲಿ ಎಳೆಯ ಮಗು ಹಾಲು ಕುಡಿಯಲಾರದೆ ಸೆಡೆತು ಸಾಯುವುದನ್ನು ಜನ ಬಾಲಗ್ರಹವೆಂದು ತಿಳಿದು ತಾಯಿತ ಕಟ್ಟಿಸಿದರು. ಅನೇಕ ವೇಳೆ ಅದು ಧನುರ್ವಾಯು; ಬಂದುದು ಕುಡುಗೋಲಿನ ಅಲಗಿನಿಂದ. ಇಂಡಿಯಾ ದೇಶವು ತಾಯಿ ಮಕ್ಕಳ ಧನುರ್ವಾಯುವನ್ನು ನಿವಾರಿಸಿತೆಂದು ಜಗತ್ತಿನ ಆರೋಗ್ಯ ಸಂಸ್ಥೆ ಒಪ್ಪಿದುದು ೨೦೧೫ರಲ್ಲಿ ಎಂಬುದನ್ನು ನೆನೆದರೆ ಆ ಅಲಗಿನ ಆಳಿಕೆ ಎಷ್ಟು ದೀರ್ಘವಾಗಿತ್ತೆಂದು ತಿಳಿದೀತು.

೨

ಇಂದಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿರುವ ನೆಲವೆಲ್ಲ ಒಂದು ಕಾಲಕ್ಕೆ ಹೊಲ, ತೋಪು, ಕೆರೆಯಂಗಳ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ, ನಾಯಂಡಹಳ್ಳಿ ಎಂಬ ಊರುಗಳ ಹೆಸರು ಬಡಾವಣೆಗಳ ನಡುವೆ ಇನ್ನೂ ಉಳಿದಿವೆ. ಅವುಗಳಿಂದಾಚೆ ಮೈಸೂರಿನ ದಾರಿಯಲ್ಲಿ, ಬೆಂಗಳೂರಿಗೆ ಸುಮಾರು ಒಂಬತ್ತು ಮೈಲಿ ದೂರದಲ್ಲಿ ಕೆಂಗೇರಿ. ಎತ್ತಿನ ಗಾಡಿಯಲ್ಲಿ ಇದು ಮೂರು ಗಂಟೆಗೂ ಮೇಲ್ಪಟ್ಟ ಪ್ರಯಾಣ. ೧೮೮೨ರ ಹೊತ್ತಿಗೆ ಬೆಂಗಳೂರಿನಿಂದ ಮೈಸೂರಿಗೆ ರೈಲು ನಡೆಯತೊಡಗಿತಾದರೂ, ಹೆರಿಗೆಯ ನೋವು ರೈಲಿನ ವೇಳಾಪಟ್ಟಿಯನ್ನು ನೋಡಿ ಬರತಕ್ಕದ್ದಲ್ಲ. ಆದುದರಿಂದ ಈ ಊರುಗಳ ಸ್ತ್ರೀಯರಿಗೆ ಆಗ ಆಯ್ಕೆಯಿದ್ದುದು ಎರಡು ಮನೆಗಳ ನಡುವೆ, ಅಥವಾ ಇಬ್ಬರು ಸೂಲಗಿತ್ತಿಯರ ನಡುವೆ, ಅದಕ್ಕಿಂತ ಹೆಚ್ಚಿಲ್ಲ.

ಈ ಸ್ಥಿತಿಯನ್ನು ಬದಲಾಯಿಸುವ ಪ್ರಯತ್ನ ೧೯ನೆಯ ಶತಮಾನದ ಕೊನೆಯಲ್ಲಿ ಮೂರು ಕಡೆಗಳಿಂದ ಆರಂಭವಾಯಿತು. ವಿಕ್ಟೋರಿಯಾ ರಾಣಿಯ ಸೂಚನೆಯಂತೆ ಲೇಡಿ ಡಫರಿನ್ ಅವರು ೧೮೮೫ರಲ್ಲಿ ಸ್ಥಾಪಿಸಿದ ನಿಧಿಯು ಸ್ತ್ರೀಯರಿಗೆ ಸ್ತ್ರೀವೈದ್ಯರನ್ನೇ ಒದಗಿಸಬೇಕೆಂಬ ಧ್ಯೇಯವನ್ನು ದೇಶದಲ್ಲೆಲ್ಲ ಹಬ್ಬಿಸಿತು. ಕ್ರೈಸ್ತ ಸಂಘಗಳು ಆಸ್ಪತ್ರೆಗಳನ್ನು ಕಟ್ಟಿದುವು. ಬೆಂಗಳೂರಿನ ಸೇಂಟ್ ಮಾರ್ಥಾ ಆಸ್ಪತ್ರೆ ೧೮೮೬ರದು, ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾಗಿ ಮೈಸೂರಿನಲ್ಲಿ ಎದ್ದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ೧೯೦೬ರದು. ಮೂರನೆಯದಾಗಿ, ಮೈಸೂರು ಸಂಸ್ಥಾನವು ದಿವಾನ್ ಶೇಷಾದ್ರಿ ಅಯ್ಯರವರ ಆಡಳಿತದ ಕಾಲದಲ್ಲಿ ಹೆರಿಗೆ ಕೆಲಸದಲ್ಲಿ ತರಬೇತು ಪಡೆದ ಮಿಡ್‌ವೈಫುಗಳನ್ನು ತಾಲ್ಲೂಕುಗಳಲ್ಲಿ ನೇಮಿಸತೊಡಗಿತು. ಮುಂದೆ ದಂಡಿನ ಪ್ರದೇಶದಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠರ ದಾನದಿಂದ ಘೋಷಾ ಸ್ತ್ರೀಯರಿಗಾಗಿಯೇ ಒಂದು ಆಸ್ಪತ್ರೆ ಆಯಿತು. ಪರದೆಯನ್ನು ಬಿಟ್ಟು ಬರಬೇಕೆಂದು ಹೇಳುವ ಬದಲು ಪರದೆಯೊಡನೆಯೇ ಬರಬಹುದೆಂದು ಹೇಳಿದ ಆ ಔದಾರ್ಯವು ಸ್ಮರಣೀಯವಾದುದು.

ಇಷ್ಟಾದರೂ ಜನ ಬೇಗನೆ ಒಲಿಯಲಿಲ್ಲ. ಇದನ್ನು ಅಧಿಕಾರಿಗಳು ಅಜ್ಞಾನವೆಂದು ಕರೆದರು. ಅಜ್ಞಾನ ಇರಲಿಲ್ಲವೆಂದಲ್ಲ; ಆದರೆ ಅದರೊಡನೆ ಬೇರೆ ಕಾರಣಗಳೂ ಇದ್ದುವು. ಸರಕಾರದ ಮಿಡ್‌ವೈಫ್ ಅನೇಕ ವೇಳೆ ಇಪ್ಪತ್ತರ ಹುಡುಗಿ, ಪರಸ್ಥಳದವಳು, ತಾನೇ ಹೆತ್ತವಳಲ್ಲ. ಹೆರಿಗೆಯಾದೊಡನೆ ಅವಳ ಕೆಲಸ ಮುಗಿಯಿತು. ಸೂಲಗಿತ್ತಿಯಾದರೋ ಹತ್ತು ದಿನ ಬಂದು ತಾಯಿಗೆ ಎರೆದು, ಮಗುವನ್ನು ಕಾಲಮೇಲೆ ಮಲಗಿಸಿ ನೀರು ಹಾಕಿ, ಬಟ್ಟೆ ಒಗೆದು, ಸಾಂಬ್ರಾಣಿಯ ಹೊಗೆ ಹಿಡಿದು, ಒಂದು ಸೀರೆ, ಕಾಲು ಪಲ್ಲ ರಾಗಿ, ಎಲೆ ಅಡಕೆಗಳಿಗೆ ತೃಪ್ತಳಾಗಿ ಹೋಗುವವಳು. ಆಸ್ಪತ್ರೆಯಲ್ಲಿ ಗಂಡಸು ವೈದ್ಯನು ಮುಟ್ಟುವನೆಂಬ ಭಯ, ಯಾರು ಬೇಯಿಸಿದ ಅನ್ನವೋ ಎಂಬ ಶಂಕೆ, ಪಕ್ಕದ ಮಂಚದಲ್ಲಿ ಯಾರಿರುವರೋ ಎಂಬ ಜಾತಿಯ ಲೆಕ್ಕ, ಇವೆಲ್ಲವೂ ಸೇರಿಕೊಂಡವು. ಜೊತೆಗೆ ಇನ್ನೊಂದು ಮಾತು ಇತ್ತು: ಆಸ್ಪತ್ರೆಗೆ ಹೋದವರು ಹಿಂದಿರುಗುವುದಿಲ್ಲ. ಮನೆಯಲ್ಲಿ ಎರಡು ಮೂರು ದಿನ ಕಷ್ಟಪಟ್ಟು ಕೈಮೀರಿದ ಮೇಲೆಯೇ ಗಾಡಿ ಕಟ್ಟುತ್ತಿದ್ದುದರಿಂದ ಈ ಮಾತು ತನ್ನನ್ನು ತಾನೇ ನಿಜಮಾಡಿಕೊಳ್ಳುತ್ತಿತ್ತು.

೩

ಆಸ್ಪತ್ರೆಯ ಭಯವು ನಮ್ಮ ನಾಡಿನ ಹೆಂಗಸರಿಗೆ ಮಾತ್ರ ವಿಶಿಷ್ಟವಾದುದೆಂದು ತಿಳಿಯಲಾಗದು. ಯೂರೋಪಿನ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ೧೮೪೦ರ ದಶಕದಲ್ಲಿ ಎರಡು ಹೆರಿಗೆ ವಿಭಾಗಗಳಿದ್ದುವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಮತ್ತೊಂದರಲ್ಲಿ ಸೂಲಗಿತ್ತಿಯ ವಿದ್ಯೆಯನ್ನು ಕಲಿಯುವ ಸ್ತ್ರೀಯರು ಕೆಲಸ ಮಾಡುತ್ತಿದ್ದರು. ಒಂದು ದಿನ ಬಂದವರನ್ನು ಮೊದಲನೆಯದಕ್ಕೂ ಮರುದಿನ ಬಂದವರನ್ನು ಎರಡನೆಯದಕ್ಕೂ ಸೇರಿಸುವ ಕ್ರಮವಿತ್ತು. ಮೊದಲನೆಯದರಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಎರಡನೆಯದಕ್ಕಿಂತ ಬಹಳ ಹೆಚ್ಚು. ಪಂಡಿತರಿಗೆ ಕಾರಣ ತಿಳಿಯುವ ಮೊದಲೇ ನಗರದ ಬಡ ಹೆಂಗಸರಿಗೆ ಈ ಸಂಗತಿ ತಿಳಿದಿತ್ತು. ತಮ್ಮನ್ನು ಮೊದಲನೆಯ ವಿಭಾಗಕ್ಕೆ ಸೇರಿಸಬೇಡಿರೆಂದು ಅವರು ಮೊಣಕಾಲೂರಿ ಬೇಡುತ್ತಿದ್ದರು. ಕೆಲವರು ಬೀದಿಯಲ್ಲಿಯೇ ಹೆತ್ತು ಬಂದರು, ಬದುಕಿಯೂ ಉಳಿದರು. ಶವಪರೀಕ್ಷೆ ಮಾಡಿದ ಕೈಗಳಿಂದಲೇ ವಿದ್ಯಾರ್ಥಿಗಳು ಬಾಣಂತಿಯರನ್ನು ಮುಟ್ಟುವುದರಿಂದ ರೋಗ ಹರಡುವುದೆಂದು ೧೮೪೭ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕಂಡುಹಿಡಿದು, ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದನು. ಆ ವರ್ಷದ ಏಪ್ರಿಲ್ಲಿನಲ್ಲಿ ನೂರಕ್ಕೆ ೧೮ರಷ್ಟಿದ್ದ ಮರಣವು ಕೆಲವೇ ತಿಂಗಳಲ್ಲಿ ಸುಮಾರು ಎರಡಕ್ಕೆ ಇಳಿಯಿತು. ಆದರೂ ಸಮಕಾಲೀನ ಪಂಡಿತರಲ್ಲಿ ಹಲವರು ಅವನನ್ನು ನಂಬಲಿಲ್ಲ. ಹೆಂಗಸರ ಭಯವು ಶಾಸ್ತ್ರಕ್ಕಿಂತ ಮುಂದೆ ನಡೆದ ಉದಾಹರಣೆಯಿದು.

ಬಾಣಂತಿ ಜ್ವರಕ್ಕೆ ಒಳಗಿನಿಂದ ಕೊಡತಕ್ಕ ಸಮರ್ಥವಾದ ಔಷಧ ಬಹಳ ಕಾಲ ಇರಲಿಲ್ಲ. ಜರ್ಮನಿಯ ಡೊಮಾಕನು ಪ್ರೋಂಟೊಸಿಲ್ ಎಂಬ ಔಷಧವನ್ನು ೧೯೩೫ರಲ್ಲಿ ಪ್ರಕಟಿಸಿದನು. ಮರುವರ್ಷ ಲಂಡನ್ನಿನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಕೋಲ್‌ಬ್ರೂಕನು ಅದನ್ನು ಬಾಣಂತಿಯರಿಗೆ ಕೊಟ್ಟು ಗುಣವನ್ನು ಕಂಡನು. ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆಯ ಬಾಗಿಲು ತೆರೆದುದೂ ಅದೇ ೧೯೩೫ರಲ್ಲಿ. ಇದು ಕೇವಲ ಕಾಕತಾಳೀಯ. ಆದರೂ ಈ ಯೋಗದ ಫಲ ನಮ್ಮ ಜನರಿಗೆ ದೊರೆಯಿತು. ಆಸ್ಪತ್ರೆಯೆಂದರೆ ಮನೆಗಿಂತ ನಿಜವಾಗಿ ಸುರಕ್ಷಿತವಾದ ಸ್ಥಳವೆಂದು ಧೈರ್ಯವಾಗಿ ಹೇಳಬಹುದಾದ ಕಾಲವು ಆರಂಭವಾದುದು ಆಗಲೇ.

೪

ನಾಲ್ವಡಿ ಕೃಷ್ಣರಾಜ ಒಡೆಯರವರು ತಮ್ಮ ತಾಯಿ ವಾಣಿವಿಲಾಸ ಸನ್ನಿಧಾನದ ಹೆಸರಿನಲ್ಲಿ ಕಟ್ಟಿಸಿದ ಈ ಆಸ್ಪತ್ರೆಯು ಕೋಟೆಯ ಬಳಿ, ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಲ್ಲಿದೆ. ಪತಿಯು ಅಕಾಲದಲ್ಲಿ ತೀರಿಕೊಂಡ ಮೇಲೆ ೧೮೯೫ರಿಂದ ೧೯೦೨ರವರೆಗೆ ರೀಜೆಂಟರಾಗಿ ರಾಜ್ಯಭಾರ ನಡೆಸಿದ ಆ ಮಹಾರಾಣಿಯವರೇ ೧೮೯೭ರಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಅಸ್ತಿಭಾರವನ್ನಿಟ್ಟವರು. ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾದ ಆಲಯಕ್ಕೆ ಅವರ ಹೆಸರು ಎಲ್ಲ ರೀತಿಯಿಂದಲೂ ಸಲ್ಲತಕ್ಕದ್ದು. ಮನೆಗಳಲ್ಲಿ "ಆಸ್ಪತ್ರೆಗೆ ಸೇರಿಸಿದರು" ಎಂಬ ಮಾತಿಗೂ "ವಾಣಿವಿಲಾಸಕ್ಕೆ ಸೇರಿಸಿದರು" ಎಂಬ ಮಾತಿಗೂ ಬೇರೆ ಧ್ವನಿಯಿದ್ದಿತು. ಮೊದಲನೆಯದರಲ್ಲಿ ರೋಗದ ಸೂಚನೆ, ಎರಡನೆಯದರಲ್ಲಿ ಶುಭವಾರ್ತೆಯ ನಿರೀಕ್ಷೆ.

ಪಡುವಣ ಬೆಂಗಳೂರಿನ ದೃಷ್ಟಿಯಿಂದ ಈ ಸ್ಥಳದ ವಿಶೇಷವೇನೆಂದರೆ, ಮೈಸೂರು ರಸ್ತೆಯು ಕೆಂಗೇರಿ, ನಾಯಂಡಹಳ್ಳಿಗಳನ್ನು ದಾಟಿ ಬಂದು ಮುಟ್ಟುವುದು ಮಾರುಕಟ್ಟೆಯನ್ನು. ಆಸ್ಪತ್ರೆ ಇರುವುದು ಮಾರುಕಟ್ಟೆಯ ಎದುರಿಗೇ. ಮಾಗಡಿ ರಸ್ತೆಯೂ ಪೇಟೆಯ ಪಡುವಣ ಅಂಚಿಗೆ ಬಂದು ಸೇರುತ್ತದೆ. ರಾಗಿ, ತರಕಾರಿ, ಸೊಪ್ಪುಗಳನ್ನು ಹೇರಿಕೊಂಡು ನಸುಕಿನಲ್ಲಿ ಗಾಡಿಗಳು ಬರುತ್ತಿದ್ದ ದಾರಿಯೇ ಬಸುರಿಯ ದಾರಿಯೂ ಆಯಿತು. ಪರಿಚಯವಿಲ್ಲದ ಊರಿನ ಪರಿಚಯವಿಲ್ಲದ ಕಟ್ಟಡಕ್ಕೆ ಹೋಗಲು ಅಂಜುವ ಜನ, ವಾರಕ್ಕೊಮ್ಮೆ ಸಂತೆಗೆಂದು ಕಣ್ಣಾರೆ ನೋಡುತ್ತಿದ್ದ ಕಟ್ಟಡಕ್ಕೆ ಅಷ್ಟು ಅಂಜಲಿಲ್ಲ. ೧೯೫೫ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜು ಆರಂಭವಾಗಿ ಅದಕ್ಕೆ ವಾಣಿವಿಲಾಸವು ಹೊಂದಿಕೊಂಡ ಮೇಲೆ, ಕಷ್ಟದ ಹೆರಿಗೆಯೆಂದರೆ ಅಲ್ಲಿಗೇ ಎಂಬ ವಾಡಿಕೆ ಸುತ್ತಣ ಜಿಲ್ಲೆಗಳಲ್ಲಿಯೂ ಬೇರೂರಿತು.

ಆಸ್ಪತ್ರೆಗೆ ಜನರನ್ನು ಕರೆಯುವುದೊಂದು ಮಾರ್ಗ. ಜನರ ಮನೆಗೆ ವಿದ್ಯೆಯನ್ನು ಕಳುಹಿಸುವುದು ಇನ್ನೊಂದು. ಸಂಸ್ಥಾನವು ಎರಡನ್ನೂ ಮಾಡಿ ನೋಡಿತು. ೧೯೨೦ರ ದಶಕದ ಕೊನೆಯಿಂದ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು, ಮೊದಲು ಮಂಡ್ಯದಲ್ಲಿ, ಅನಂತರ ಮೈಸೂರು ರಸ್ತೆಯಲ್ಲೇ ಕೆಂಗೇರಿಯಿಂದ ಮುಂದಿರುವ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಗ್ರಾಮಾರೋಗ್ಯದ ಕೇಂದ್ರಗಳನ್ನು ಏರ್ಪಡಿಸಲಾಯಿತು. ಇಲ್ಲಿ ತರಬೇತಾದವರು ಮನೆ ಮನೆಗೆ ಹೋಗಿ ಬಸುರಿಯರನ್ನು ನೋಡಿ ಬರಬೇಕಾಗಿತ್ತು. ಹೆತ್ತವಳ ಮನೆಯ ಬಾಗಿಲಿಗೆ ಹೋಗಿ ಮಾತನಾಡಿಸುವ ಈ ಪದ್ಧತಿಯೇ ಮುಂದಿನ ಆರೋಗ್ಯ ಕಾರ್ಯಕರ್ತೆಯರ ಪದ್ಧತಿಗೆ ಮೇಲ್ಪಂಕ್ತಿಯಾಯಿತು.

ಆದರೆ ಕೆಲಸದ ಅಗಾಧತೆಯ ಮುಂದೆ ಇವು ಅಲ್ಪ. ೧೯೪೬ರಲ್ಲಿ ಹೊರಬಂದ ಭೋರ್ ಸಮಿತಿಯ ವರದಿಯ ಪ್ರಕಾರ ಇಂಡಿಯಾದಲ್ಲಿ ಪ್ರತಿ ಸಾವಿರ ಜನನಕ್ಕೆ ೨೦ ಮಂದಿ ತಾಯಂದಿರು, ಅಂದರೆ ವರ್ಷಕ್ಕೆ ಸುಮಾರು ಎರಡು ಲಕ್ಷ ಮಂದಿ, ಸಾಯುತ್ತಿದ್ದರು. ಇಡೀ ದೇಶಕ್ಕೆ ತರಬೇತು ಪಡೆದ ಮಿಡ್‌ವೈಫುಗಳಿದ್ದುದು ಸುಮಾರು ಐದು ಸಾವಿರ.

೫

೧೯೪೯ರಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರ ಹೆಸರಿನಿಂದ ರಾಜಾಜಿನಗರವು ಕೈಗಾರಿಕೆಯ ಉಪನಗರವಾಗಿ ಹುಟ್ಟಿತು. ಹಾಸನ, ತುಮಕೂರು, ಮಂಡ್ಯ, ಕೋಲಾರಗಳಿಂದ ಬಂದು ಕಾರ್ಖಾನೆಗಳಲ್ಲಿ ದುಡಿಯುವ ಸಂಸಾರಗಳು ಇಲ್ಲಿ ನೆಲಸಿದುವು. ಬಳಿಕ ವಿಜಯನಗರ, ಬಸವೇಶ್ವರನಗರಗಳೂ ಹೀಗೆಯೇ ತುಂಬಿದುವು. ಇಲ್ಲಿನ ಗೃಹಿಣಿಗೆ ಹಿಂದಿಲ್ಲದ ಒಂದು ಸಂದಿಗ್ಧ ಒದಗಿತು. ತವರು ನೂರು ಮೈಲಿ ದೂರ; ಅಲ್ಲಿ ತಾಯಿಯಿರುವಳು, ಆದರೆ ವೈದ್ಯರಿಲ್ಲ. ಇಲ್ಲಿ ವೈದ್ಯರಿರುವರು, ತಾಯಿಯಿಲ್ಲ. ಮೊದಲ ತಲೆಮಾರು ಬಹುಮಟ್ಟಿಗೆ ತಾಯಿಯನ್ನೇ ಆರಿಸಿಕೊಂಡು ಬಸ್ಸು ಹತ್ತಿತು. ಮುಂದಿನ ತಲೆಮಾರಿನಲ್ಲಿ ಕ್ರಮ ತಿರುವುಮುರುವಾಯಿತು: ಬಾಣಂತಿಯ ಖಾರದ ಪುಡಿ, ಶುಂಠಿ, ಬೆಳ್ಳುಳ್ಳಿ, ಬಜೆ, ಹಳೆಯ ಸೀರೆಯ ಮೆತ್ತನೆಯ ತುಂಡುಗಳನ್ನು ಗಂಟುಕಟ್ಟಿಕೊಂಡು ತಾಯಿಯೇ ಮಗಳ ಬಾಡಿಗೆಯ ಮನೆಗೆ ಬಂದಳು. ತವರು ಊರನ್ನು ಬಿಟ್ಟು ತಾಯಿಯ ಜೊತೆಯಲ್ಲಿ ಪ್ರಯಾಣ ಮಾಡಿತೆಂದೇ ಹೇಳಬೇಕು.

೧೯೪೮ರ ಕಾಯಿದೆಯಂತೆ ಏರ್ಪಟ್ಟ ಕಾರ್ಮಿಕ ವಿಮೆಯು ದುಡಿಯುವವರ ಮನೆಗಳಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಬಾಗಿಲನ್ನು ತೆರೆಯಿತು. ಉಡುಪಿನ ಕಾರ್ಖಾನೆಗಳಲ್ಲಿ, ಊದುಬತ್ತಿಯ ಕೆಲಸದಲ್ಲಿ ಹೆಂಗಸರು ಬಹುಸಂಖ್ಯೆಯಲ್ಲಿ ದುಡಿಯುವ ಈ ಭಾಗದಲ್ಲಿ, ವಿಮೆಯ ಚೀಟಿಯಿದ್ದವಳಿಗೂ ಇಲ್ಲದವಳಿಗೂ ಹೆರಿಗೆಯ ಲೆಕ್ಕವೇ ಬೇರೆ. ಚೀಟಿಯಿದ್ದವಳಿಗೆ ವೈದ್ಯ, ಔಷಧ, ರಜೆಯ ಕೂಲಿ ಮೂರೂ ಉಂಟು. ೨೦೧೭ರಿಂದ ಆ ರಜೆ ಮೊದಲೆರಡು ಮಕ್ಕಳಿಗೆ ೨೬ ವಾರ. ಮನೆಯಲ್ಲೇ ಕುಳಿತು ಬತ್ತಿ ಹೊಸೆಯುವವಳಿಗೆ ಹಾಗಲ್ಲ. ಕೈ ನಿಂತ ದಿನ ಕೂಲಿಯೂ ನಿಲ್ಲುವುದು. ಇವಳು ನಗರಪಾಲಿಕೆಯ ಹೆರಿಗೆ ಆಸ್ಪತ್ರೆಯನ್ನೋ ವಾಣಿವಿಲಾಸವನ್ನೋ ನೆಚ್ಚಿದಳು. ಕೈಯಲ್ಲಿ ನಾಲ್ಕು ಕಾಸಿದ್ದ ಸಂಸಾರಗಳು ಮುಖ್ಯ ರಸ್ತೆಗಳಲ್ಲಿ ಎದ್ದ ಖಾಸಗಿ ನರ್ಸಿಂಗ್ ಹೋಮುಗಳಿಗೆ ಒಲಿದುವು. ಅಲ್ಲಿ ಸ್ತ್ರೀವೈದ್ಯರ ಪರಿಚಯ, ಪ್ರತ್ಯೇಕ ಕೋಣೆ, ತಾಯಿಗೆ ಮಲಗಲು ಒಂದು ಬೆಂಚು, ಮನೆಯಿಂದ ತಂದ ಸಾರನ್ನಕ್ಕೆ ಅಡ್ಡಿಯಿಲ್ಲ. ಇವೆಲ್ಲ ಹಿಂದಿನ ತವರಿನ ಗುಣಗಳೇ ಎಂಬುದು ಗಮನಾರ್ಹ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ಈ ಬದಲಾವಣೆಯನ್ನು ಅಂಕೆಗಳಲ್ಲಿ ತೋರಿಸುತ್ತವೆ. ಕರ್ನಾಟಕದಲ್ಲಿ ಆಸ್ಪತ್ರೆಯ ಹೆರಿಗೆಗಳು ೧೯೯೨–೯೩ರಲ್ಲಿ ನೂರಕ್ಕೆ ಸುಮಾರು ೩೮, ೧೯೯೮–೯೯ರಲ್ಲಿ ೫೧, ೨೦೦೫–೦೬ರಲ್ಲಿ ೬೫, ೨೦೧೫–೧೬ರಲ್ಲಿ ೯೪, ೨೦೧೯–೨೦ರಲ್ಲಿ ೯೭. ೨೦೦೫ರ ಜನನಿ ಸುರಕ್ಷಾ ಯೋಜನೆ, ಅದರೊಡನೆ ಬಂದ ಆಶಾ ಕಾರ್ಯಕರ್ತೆಯರು, ೨೦೦೭ರ ಮಡಿಲು ಕಿಟ್, ೨೦೦೮ರಲ್ಲಿ ಕರ್ನಾಟಕಕ್ಕೆ ಬಂದ ೧೦೮ರ ವಾಹನ, ಇವು ಹದಿನೈದು ವರ್ಷಗಳಲ್ಲಿ ಮಾಡಿದ ಕೆಲಸ ದೊಡ್ಡದು. ಸರಕಾರವು ತನ್ನ ಯೋಜನೆಗೆ ಮಡಿಲೆಂಬ ಹೆಸರನ್ನೇ ಆರಿಸಿ, ತವರಿನವರು ತುಂಬುತ್ತಿದ್ದ ಮಡಿಲನ್ನು ತಾನು ತುಂಬಹೊರಟುದು ಅರ್ಥವತ್ತಾದುದು. ೨೦೧೮–೨೦ರ ಲೆಕ್ಕದಂತೆ ಕರ್ನಾಟಕದಲ್ಲಿ ಒಂದು ಲಕ್ಷ ಜನನಕ್ಕೆ ೬೯ ತಾಯಂದಿರ ಮರಣ. ಭೋರ್ ಸಮಿತಿಯು ಇಡೀ ದೇಶಕ್ಕೆ ಹೇಳಿದ ಅಂದಾಜನ್ನು ಇದೇ ಮಾನದಿಂದ ಹೇಳಿದರೆ ಅದು ಎರಡು ಸಾವಿರ.

೬

ಹಾಗಾದರೆ ಪ್ರಶ್ನೆ ತೀರಿತೆ? ತೀರಲಿಲ್ಲ; ರೂಪ ಬದಲಾಯಿಸಿತು. ೨೦೧೯–೨೦ರ ಸಮೀಕ್ಷೆಯಂತೆ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು ೩೧ ಶಸ್ತ್ರಕ್ರಿಯೆಯಿಂದ ಆದುವು. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು. ೧೯೮೫ರಲ್ಲಿ ಜಗತ್ತಿನ ಆರೋಗ್ಯ ಸಂಸ್ಥೆಯು ಹೇಳಿದ ಮಿತಿ ಹತ್ತರಿಂದ ಹದಿನೈದು. ಶಸ್ತ್ರಕ್ರಿಯೆ ಪ್ರಾಣ ಉಳಿಸುವ ವಿದ್ಯೆ. ಅದು ದೊರೆಯದೆ ಸತ್ತವರ ಸಂಖ್ಯೆಯೇ ನಮ್ಮ ಹಿಂದಿನ ಚರಿತ್ರೆ. ಆದರೆ ಕಾದು ಕುಳಿತುಕೊಳ್ಳುವುದು ಸೂಲಗಿತ್ತಿಯ ವಿದ್ಯೆಯ ಅರ್ಧಭಾಗವಾಗಿದ್ದರೆ, ಆ ಅರ್ಧವನ್ನು ಆಸ್ಪತ್ರೆಯು ಪೂರ್ಣವಾಗಿ ಕಲಿತುಕೊಳ್ಳಲಿಲ್ಲವೆಂದು ಈ ಅಂಕೆಗಳು ತಿಳಿಸುತ್ತವೆ. ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ತಾಯಂದಿರು ಒಬ್ಬರಾದ ಮೇಲೊಬ್ಬರು ತೀರಿಕೊಂಡ ವಾರ್ತೆ ಬಂದಾಗ, ರಾಜ್ಯದ ಎಲ್ಲ ಮನೆಗಳಲ್ಲಿಯೂ ಹಳೆಯ ಆ ಭಯ ಒಮ್ಮೆ ತಲೆಯೆತ್ತಿತು. ಅದನ್ನು ಅಜ್ಞಾನವೆಂದು ಯಾರೂ ಕರೆಯಲಿಲ್ಲ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಬಾಳು ಇಲ್ಲಿ ನೆನೆಯತಕ್ಕದ್ದು. ಓದುಬರಹವಿಲ್ಲದ ಈ ತಾಯಿ ಅಜ್ಜಿಯಿಂದ ವಿದ್ಯೆ ಕಲಿತು, ಆಸ್ಪತ್ರೆಯಿಲ್ಲದ ಸೀಮೆಯಲ್ಲಿ ಏಳು ದಶಕಗಳ ಕಾಲ ಹದಿನೈದು ಸಾವಿರಕ್ಕೂ ಮೇಲ್ಪಟ್ಟು ಹೆರಿಗೆಗಳನ್ನು ಕಾಸು ಪಡೆಯದೆ ಮಾಡಿಸಿದರೆಂದು ಪ್ರಸಿದ್ಧಿ. ತುಮಕೂರು ವಿಶ್ವವಿದ್ಯಾನಿಲಯವು ೨೦೧೪ರಲ್ಲಿ ಗೌರವ ಡಾಕ್ಟರೇಟನ್ನೂ, ಭಾರತ ಸರಕಾರವು ೨೦೧೮ರಲ್ಲಿ ಪದ್ಮಶ್ರೀಯನ್ನೂ ಕೊಟ್ಟು ಅವರನ್ನು ಸನ್ಮಾನಿಸಿದುವು. ಅದೇ ವರ್ಷ ಡಿಸೆಂಬರ್ ೨೫ರಂದು, ತೊಂಬತ್ತೆಂಟರ ವಯಸ್ಸಿನಲ್ಲಿ, ಕೆಂಗೇರಿಯ ಬಳಿಯ ಆಸ್ಪತ್ರೆಯೊಂದರಲ್ಲಿ ಅವರು ತೀರಿಕೊಂಡರು. ಆ ವರ್ಷದಲ್ಲಿಯೇ ಕೇಂದ್ರ ಸರಕಾರವು ಸಹಜ ಹೆರಿಗೆಗಳನ್ನು ನಡೆಸತಕ್ಕ ಶಿಕ್ಷಿತ ಮಿಡ್‌ವೈಫುಗಳ ಹೊಸ ವರ್ಗವನ್ನು ನಿರ್ಮಿಸುವ ಮಾರ್ಗಸೂಚಿಯನ್ನು ಹೊರಡಿಸಿತು. ಅದಕ್ಕೆ ಎರಡು ವರ್ಷ ಮೊದಲು, ೨೦೧೬ರಲ್ಲಿ, ಸರಕಾರಿ ಹೆರಿಗೆಯ ಕೋಣೆಯಲ್ಲಿ ಹೆರುವವಳ ಜೊತೆಗೆ ಅವಳಿಗೆ ಬೇಕಾದ ಹೆಂಗಸೊಬ್ಬಳು ಇರಬಹುದೆಂದು ಅನುಮತಿಯಾಗಿತ್ತು.

ಈ ಅನುಮತಿ ಸಣ್ಣದಾಗಿ ಕಾಣಬಹುದು. ಆದರೆ ಒಂದು ಶತಮಾನಕ್ಕೂ ಮಿಕ್ಕಿದ ಈ ಚರಿತ್ರೆಯಲ್ಲಿ ಹೆಂಗಸರು ಕೇಳುತ್ತ ಬಂದುದರಲ್ಲಿ ಬಹುಪಾಲು ಇದರೊಳಗಿದೆ. ದಾರಿ ಎಷ್ಟು ದೂರ, ಖರ್ಚು ಎಷ್ಟು, ಬದುಕಿ ಹಿಂದಿರುಗುವೆನೆ, ನೋವಿನ ಹೊತ್ತಿನಲ್ಲಿ ಕೈ ಹಿಡಿಯುವವರು ಯಾರು, ಎಂಬಿವು ಅವರ ಪ್ರಶ್ನೆಗಳು. ಮೊದಲ ಮೂರಕ್ಕೆ ರಸ್ತೆ, ವಿಮೆ, ಔಷಧ, ಶಸ್ತ್ರಗಳು ಬಹುಮಟ್ಟಿಗೆ ಉತ್ತರ ಕೊಟ್ಟಿವೆ. ನಾಲ್ಕನೆಯದಕ್ಕೆ ತವರಿನ ಕತ್ತಲೆಯ ಕೋಣೆಯಲ್ಲಿ ಉತ್ತರವಿತ್ತು. ಬೆಳಕು ತುಂಬಿದ ಕೋಣೆಯೂ ಅದನ್ನು ಕೊಡಬಲ್ಲುದಾದ ದಿನ, ರಾಜಾಜಿನಗರದ ಮಗಳು ಯಾವ ಬಾಗಿಲಿಗೆ ಹೋಗಬೇಕೆಂದು ಬಾವಿಕಟ್ಟೆಯನ್ನು ಕೇಳಬೇಕಾದ ಅಗತ್ಯವಿರದು.